ವಂದನಾರ್ಪಣೆಗೆ ಎರಡೇ ನಿಮಿಷ

ನಮ್ಮ ಬೀದಿಯ ಯುವ ಮುಖಂಡರಿಗೆ ಮೊಮ್ಮಗ ಹುಟ್ಟಿದ ವಾರವೇ ಬೆಲ್ಜಿಯಂನ ಹುಡುಗಿ ನಮ್ಮ ಮನೆಗೆ ಬಂದಿಳಿದಳು. ಜೋಗುಪಾಳ್ಯದ ತಿರುವಿನಲ್ಲಿ ಆಗ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಮುಖಂಡರು ಬಿಳಿ ಅಂಗಿ ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಕೂಸನ್ನು ಎತ್ತಿಕೊಂಡು ನಿಂತಿದ್ದರು. ಕೆಳಗೆ ‘ಯುವಜನರ ಆಶಾಕಿರಣ’ ಎಂದಿತ್ತು. ಅದು ಅಜ್ಜನಿಗೆ ಹೇಳಿದ್ದೋ ಮೊಮ್ಮಗನಿಗೆ ಹೇಳಿದ್ದೋ ತಿಳಿಯುವಂತಿರಲಿಲ್ಲ. ಹುಡುಗಿ ಆಟೋದಿಂದ ಇಳಿದವಳೇ ಬ್ಯಾಗು ಕೆಳಗಿಟ್ಟು ಅದರ ಫೋಟೊ ತೆಗೆದಳು. ಏನು ಬರೆದಿದೆ ಎಂದು ಕೇಳಿದಳು, ಹೇಳಿದೆ. ಆಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, ನಿಮ್ಮಲ್ಲಿ ಎಷ್ಟು ವಯಸ್ಸಿನವರೆಗೆ ಯುವಕರು ಎಂದು ಲೆಕ್ಕ.

ಇದಕ್ಕೆ ನಮ್ಮಲ್ಲಿ ಯಾರೂ ಉತ್ತರ ಬರೆದಿಟ್ಟಿಲ್ಲ. ತಲೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸುವವರೆಗೆ ಎಂದೆ. ಅವಳು ನಗಲಿಲ್ಲ, ಗಂಭೀರವಾಗಿ ತಲೆಯಾಡಿಸಿದಳು. ಅವಳ ಕಡೆ ಮೂವತ್ತಕ್ಕೆ ಮುಗಿಯುತ್ತದಂತೆ. ಮೂವತ್ತು ದಾಟಿದ ಮಾರನೆಯ ದಿನ ಯುವಜನರ ಸಭೆಗೆ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರಂತೆ. ನಮ್ಮ ಮುಖಂಡರು ಅಲ್ಲಿ ಹುಟ್ಟಿದ್ದರೆ ಎಷ್ಟು ಬೇಗ ಮುದುಕರಾಗಿಬಿಡುತ್ತಿದ್ದರು ಎಂದು ನನಗೆ ಪಾಪ ಅನ್ನಿಸಿತು.

ನಾನು ಕನ್ನಡ ಬಾರದವರಿಗೆ ಕನ್ನಡ ಕಲಿಸುತ್ತೇನೆ. ಇಂದಿರಾನಗರದ ಕಚೇರಿಗಳವರು, ಮದುವೆಯಾಗಿ ಬಂದ ಸೊಸೆಯರು, ಆಟೋದವರ ಜೊತೆ ಜಗಳಾಡಲಿಕ್ಕಾದರೂ ಕಲಿಯಬೇಕು ಎಂದು ಬರುವವರು, ಹೀಗೆ. ಮನೆಯ ಮೇಲೊಂದು ಕೋಣೆ ಖಾಲಿ ಇದೆ. ಅಲ್ಲಿಗೆ ಬಂದವಳು ಈ ಹುಡುಗಿ. ಆಡಳಿತದ ವಿಷಯ ಓದುತ್ತಿದ್ದಳು, ಇಲ್ಲಿನ ಕಾಲೇಜೊಂದರಲ್ಲಿ ಒಂದು ಸೆಮಿಸ್ಟರ್ ಕಳೆಯಲು ಬಂದಿದ್ದಳು. ಕನ್ನಡವನ್ನೂ ನನ್ನಲ್ಲೇ ಕಲಿಯುತ್ತಿದ್ದಳು, ಆದರೆ ಅದು ‘ಇದು ಏನು, ಅದು ಏನು’ ದಾಟಿರಲಿಲ್ಲವಾದ್ದರಿಂದ ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ.

ರಾತ್ರಿ ಊಟಕ್ಕೆ ಕೂತಾಗ ಅವಳು ತನ್ನ ಊರಿನ ಯುವಮಂಡಳಿಯ ಕಥೆ ಹೇಳುತ್ತಿದ್ದಳು. ಅಲ್ಲಿ ನಗರಸಭೆಯವರು ಎಳೆಯರಿಗೆ ಸಂಬಂಧಪಟ್ಟ ಏನನ್ನೇ ನಿರ್ಧರಿಸಬೇಕಾದರೂ ಮೊದಲು ಎಳೆಯರನ್ನು ಕೇಳಬೇಕಂತೆ. ಕಾನೂನೇ ಹಾಗಿದೆಯಂತೆ. ಇವಳು ಹದಿನೇಳಕ್ಕೇ ಆ ಮಂಡಳಿ ಸೇರಿದವಳು. ಊರಿನದ್ದಷ್ಟೇ ಅಲ್ಲ, ಇಡೀ ಯುರೋಪಿನ ಹುಡುಗರನ್ನು ಒಂದೆಡೆ ಕೂಡಿಸಿ, ರೈಲಿನ ಟಿಕೆಟ್ಟೂ ಕೊಟ್ಟು, ನಿಮಗೆ ಹವಾಮಾನದ ಬಗ್ಗೆ ಏನನ್ನಿಸುತ್ತದೆ, ಕೆಲಸದ ಬಗ್ಗೆ ಏನನ್ನಿಸುತ್ತದೆ ಎಂದು ಕೇಳುವ ಸಭೆಗಳಿಗೂ ಹೋಗಿಬಂದಿದ್ದಳು. ನಾನು ಚಪಾತಿ ಹಾಕುವುದನ್ನು ಮರೆತು ಕೇಳುತ್ತಿದ್ದೆ. ನಮ್ಮ ಕಡೆ ಮದುವೆಯಾಗುವ ಹುಡುಗಿಯನ್ನೇ ಕೇಳಿ ಮದುವೆ ಮಾಡುವುದು ಶುರುವಾಗಿ ಎರಡು ತಲೆಮಾರಾಗಿಲ್ಲ. ಹವಾಮಾನದ ಬಗ್ಗೆ ಅವಳಿಗೇನನ್ನಿಸುತ್ತದೆ ಎಂದು ಯಾರು ಕೇಳುತ್ತಾರೆ.

“ಇಲ್ಲಿ ಯಾರು ಕೇಳುತ್ತಾರೆ?” ಎಂದು ಅವಳೂ ಅದನ್ನೇ ಕೇಳಿದಳು.

ಇಲ್ಲಿ ಕೇಳುತ್ತಾರೆ, ಪ್ರಾರ್ಥನೆ ಹಾಡಲು ಬರುತ್ತದಾ ಎಂದು ಕೇಳುತ್ತಾರೆ ಎಂದೆ.

ಇದು ತಮಾಷೆಯಲ್ಲ. ನಮ್ಮ ಬಡಾವಣೆಯ ಸಂಘದಲ್ಲಿ ಯಾವ ಸಭೆಯೇ ಆಗಲಿ, ಅದಕ್ಕೊಂದು ಕಟ್ಟುನಿಟ್ಟಾದ ಕ್ರಮವಿದೆ. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ದೀಪ ಹಚ್ಚುವುದು, ಶಾಲು ಹೊದಿಸುವುದು, ಭಾಷಣ, ಭಾಷಣ, ಮತ್ತೆ ಭಾಷಣ, ಕೊನೆಗೆ ವಂದನಾರ್ಪಣೆ. ಇದರಲ್ಲಿ ಎರಡು ತುದಿಗಳು ಮಕ್ಕಳದ್ದು, ನಡುವಿನದ್ದೆಲ್ಲ ದೊಡ್ಡವರದ್ದು. ಪ್ರಾರ್ಥನೆ ಹಾಡುವಾಗ ಜನ ಇನ್ನೂ ಬಂದಿರುವುದಿಲ್ಲ, ವಂದನಾರ್ಪಣೆಯ ಹೊತ್ತಿಗೆ ಎದ್ದಿರುತ್ತಾರೆ. ಚಪ್ಪಲಿ ಹುಡುಕುತ್ತಾ ಅರ್ಧ ಕಿವಿಯಲ್ಲಿ ಕೇಳಿಸಿಕೊಳ್ಳುವುದಕ್ಕೇ ವಂದನಾರ್ಪಣೆ ಎಂದು ಹೆಸರು.

ನಮ್ಮ ಮನೆಯ ಹಿಂದೆ ಒಂದು ವಠಾರವಿದೆ. ಸಾಲಾಗಿ ಕೋಣೆಗಳು, ಕೋಣೆಗೊಂದು ಸಂಸಾರ. ಅದರಲ್ಲಿ ಯಾದಗಿರಿ ಕಡೆಯಿಂದ ಬಂದವರೇ ಹೆಚ್ಚು. ಅಲ್ಲೊಬ್ಬಳು ಹುಡುಗಿ ಇದ್ದಳು, ಎರಡನೇ ಪಿಯುಸಿ, ಕಾಮರ್ಸ್. ಅಪ್ಪ ಮಹದೇವಪುರದ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಅವ್ವ ಇಂದಿರಾನಗರದಲ್ಲಿ ಮನೆಗೆಲಸ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಇನ್ನಿಬ್ಬರು ತಮ್ಮಂದಿರು. ಎಲ್ಲರಿಗೂ ಸೇರಿ ಒಂದು ಕೋಣೆ, ಒಂದು ಬಲ್ಬು, ಒಂದು ಟಿವಿ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅವಳು ಅಕೌಂಟೆನ್ಸಿಯಲ್ಲಿ ಫೇಲಾಗಿದ್ದಳು. ಅವಳಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮಾರ್ಚಿನ ಪರೀಕ್ಷೆಯಲ್ಲೂ ಹೀಗೇ ಆದರೆ ಅಕ್ಕನ ಜೊತೆ ಹೋಗು ಎಂದಷ್ಟೇ ಹೇಳಿದ್ದ. ಬೈದಿದ್ದರೆ ಹುಡುಗಿ ಇಷ್ಟು ಹೆದರುತ್ತಿರಲಿಲ್ಲ.

ಅವಳು ಓದುತ್ತಿದ್ದದ್ದು ನಮ್ಮ ಸಂಘದ ಕಟ್ಟಡದ ಮೇಲಿನ ಓದುವ ಕೋಣೆಯಲ್ಲಿ. ಓದುವ ಕೋಣೆ ಎಂದರೆ ಎರಡು ಉದ್ದ ಮೇಜು, ಫ್ಯಾನು, ಟ್ಯೂಬ್‌ಲೈಟು, ಹಳೆಯ ಪೇಪರುಗಳು. ಪೇಪರ್ ಓದುವ ಹಿರಿಯರು ಬೆಳಗ್ಗೆ ಬಂದು ಹೋಗುತ್ತಿದ್ದರು. ಸಂಜೆ ಅಲ್ಲಿ ವಠಾರದ ಹುಡುಗಿಯರದ್ದೇ ರಾಜ್ಯ. ಆದರೆ ಆರು ಗಂಟೆಗೆ ಬೀಗ ಬೀಳುತ್ತಿತ್ತು. ಕಾಲೇಜು ಮುಗಿಸಿ, ಅವ್ವನ ಕೆಲಸಕ್ಕೆ ಕೈಜೋಡಿಸಿ ಬರುವಷ್ಟರಲ್ಲಿ ಐದಾಗುತ್ತಿತ್ತು. ನಮ್ಮ ಮನೆಗೆ ಬಾ ಎಂದು ಕರೆದಿದ್ದೆ. ಎರಡು ದಿನ ಬಂದಳು. ಕೆಳಗೆ ನನ್ನ ವಿದ್ಯಾರ್ಥಿಗಳು ‘ನಾನು ಹೋಗುತ್ತೇನೆ, ನೀನು ಹೋಗುತ್ತೀಯೆ’ ಎಂದು ಕೂಗುತ್ತಿದ್ದರು, ಪಕ್ಕದ ಕೋಣೆಯಲ್ಲಿ ನಮ್ಮತ್ತೆಯ ಧಾರಾವಾಹಿ ಅಳುತ್ತಿತ್ತು. ಮೂರನೇ ದಿನ ಬರಲಿಲ್ಲ.

“ಬ್ಯಾಡ್ರಿ ಮೇಡಂ” ಎಂದಳು. “ನಾ ಒಬ್ಬಾಕಿ ನಿಮ್ಮನಿಗೆ ಬಂದ್ರ ಉಳದವ್ರು ಎಲ್ಲಿ ಹೋಗ್ಬೇಕ್ರಿ? ಆ ರೂಮು ಇದ್ರ ಎಲ್ಲಾರೂ ಕೂತು ಓದ್ತೀವಿ. ಲೆಕ್ಕ ಗೊತ್ತಾಗ್ಲಿಲ್ಲಂದ್ರ ಒಬ್ಬರಿಗೊಬ್ರು ಹೇಳ್ಕೋತೀವಿ.”

ಇಂಥ ಹೊತ್ತಿನಲ್ಲಿ ಯುವ ಮುಖಂಡರಿಗೆ ಯುವಜನರ ಮೇಲೆ ಪ್ರೀತಿ ಉಕ್ಕಿತು. ಓದುವ ಕೋಣೆಯನ್ನು ಜಿಮ್ ಮಾಡಬೇಕು, ಯುವಕರು ದಾರಿ ತಪ್ಪುತ್ತಿದ್ದಾರೆ, ಸಲಕರಣೆ ತಾನೇ ಕೊಡಿಸುತ್ತೇನೆ ಎಂದು ಸಂಘದ ಅಧ್ಯಕ್ಷರ ಕಿವಿಯಲ್ಲಿ ಹಾಕಿದರು. ಅಧ್ಯಕ್ಷರು ಹಲಸೂರಿನ ಹಳೆಯ ಮನೆತನದವರು, ಮನೆಮಾತು ತಮಿಳು, ಕನ್ನಡದಲ್ಲಿ ನನಗಿಂತ ಚೆನ್ನಾಗಿ ಬೈಯುತ್ತಾರೆ. ಕಾರ್ಖಾನೆಯೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಒಳ್ಳೆಯವರು, ಯಾರಿಗೂ ಇಲ್ಲ ಎನ್ನಲಾರರು. ಆದ್ದರಿಂದಲೇ ಯಾರು ಮೊದಲು ಹೋಗಿ ಕೇಳುತ್ತಾರೋ ಅವರ ಕೆಲಸ ಆಗುತ್ತದೆ. ಈ ಸಲ ಮುಖಂಡರು ಮೊದಲು ಹೋಗಿದ್ದರು.

ಬೆಲ್ಜಿಯಂ ಹುಡುಗಿಗೆ ಇದನ್ನು ಹೇಳಿದೆ. ಅವಳ ಮುಖ ಕೆಂಪಾಯಿತು. ಯುವಕರಿಗಾಗಿ ಎಂದು ಹೇಳಿ ಯುವಕರನ್ನೇ ಕೇಳುವುದಿಲ್ಲವೇ ಎಂದಳು. ಮರುದಿನವೇ ಶಿವಾಜಿನಗರಕ್ಕೆ ಹೋಗಿ ಅಂಟಿಸುವ ಬಣ್ಣದ ಚೀಟಿಗಳನ್ನು ಕೊಂಡುತಂದಳು. ಅವಳ ಜೊತೆ ನಾನೂ ಹೋಗಿದ್ದೆ. ಅಂಗಡಿಯವರು ಇಷ್ಟೊಂದು ಯಾಕೆ, ಸ್ಕೂಲ್ ಇಟ್ಟಿದ್ದೀರಾ ಎಂದು ಕೇಳಿದರು. ನೀತಿ ನಿರೂಪಣೆಗೆ ಎಂದು ಹೇಳಲು ನನಗೆ ಧೈರ್ಯ ಸಾಲದೆ, ಬರ್ತ್‌ಡೇಗೆ ಎಂದೆ. ಹಾಗಾದ್ರೆ ಬಲೂನೂ ತಗೊಳ್ಳಿ ಮೇಡಂ ಎಂದು ಒಂದು ಪ್ಯಾಕೆಟ್ ಅದರ ಮೇಲಿಟ್ಟರು.

ಭಾನುವಾರ ಓದುವ ಕೋಣೆಯಲ್ಲಿ ಅವಳು ಬೀದಿಯ ಹುಡುಗ ಹುಡುಗಿಯರನ್ನು ಕೂಡಿಸಿದಳು. ತಲೆಗೊಂದು ಹಳದಿ ಚೀಟಿ ಕೊಟ್ಟು, ನಿಮ್ಮ ಬೀದಿಯಲ್ಲಿ ಏನು ಬದಲಾಗಬೇಕೋ ಬರೆದು ಗೋಡೆಗೆ ಅಂಟಿಸಿ ಎಂದಳು. ನಾನು ಅನುವಾದಕ್ಕೆ ನಿಂತಿದ್ದೆ. ನಮ್ಮ ಹುಡುಗರಿಗೆ ಗೋಡೆಗೆ ಏನಾದರೂ ಅಂಟಿಸು ಎಂದು ದೊಡ್ಡವರೇ ಹೇಳಿದ್ದು ಬಹುಶಃ ಅದೇ ಮೊದಲು, ಬಹಳ ಹುರುಪಿನಿಂದ ಬರೆದರು. ಒಬ್ಬ ವೈಫೈ ಎಂದು ಬರೆದ. ಒಬ್ಬ ಚರಂಡಿ ಎಂದಷ್ಟೇ ಬರೆದ, ಬೇಕೋ ಬೇಡವೋ ಹೇಳಲಿಲ್ಲ. ಇನ್ನೊಬ್ಬ ಹಂಡ್ರೆಡ್ ಫೀಟ್ ರೋಡಿನ ಟ್ರಾಫಿಕ್ಕಿಗೆ ಮುಖ್ಯಮಂತ್ರಿಯೇ ಬಂದು ನಿಲ್ಲಬೇಕು ಎಂದ. ನಮ್ಮ ವಠಾರದ ಹುಡುಗಿ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

“ಬರಿ” ಎಂದೆ.

“ಬರದ್ರ ಆಗ್ತದೇನ್ರಿ?”

ಬೆಲ್ಜಿಯಂ ಹುಡುಗಿಗೆ ಇದನ್ನು ಅನುವಾದ ಮಾಡಿ ಹೇಳಿದೆ. ಅವಳು, ಬರೆಯದಿದ್ದರೆ ಅಂತೂ ಆಗುವುದಿಲ್ಲ ಎಂದಳು. ಹುಡುಗಿ ಆಗ ಬರೆದಳು: ಜಿಮ್ ಬೇಡ, ಎಂಟರ ತನಕ ಲೈಟ್ ಬೇಕು.

ಆ ರಾತ್ರಿ ಊಟ ಮುಗಿಸಿ ನಾವಿಬ್ಬರೂ ತಾರಸಿಯಲ್ಲಿ ಕೂತಿದ್ದಾಗ, ವಠಾರದ ಹುಡುಗಿಯ ಪ್ರಶ್ನೆ ಒಳ್ಳೆಯದೇ ಎಂದಳು ಬೆಲ್ಜಿಯಂ ಹುಡುಗಿ. ಅವಳ ಊರಿನಲ್ಲಿ ಹಳೆಯ ರೈಲ್ವೆ ಗೋದಾಮಿನಲ್ಲಿ ಹುಡುಗರು ಸೇರುವ ಕೇಂದ್ರವೊಂದಿತ್ತಂತೆ. ಇವಳು ಗಿಟಾರ್ ಕಲಿತದ್ದು ಅಲ್ಲಿ, ಮೊದಲ ಸಲ ಪ್ರೀತಿಯಲ್ಲಿ ಬಿದ್ದದ್ದು ಅಲ್ಲಿ, ಎದ್ದದ್ದೂ ಅಲ್ಲೇ. ಅದನ್ನು ಮುಚ್ಚುವ ಮಾತು ಬಂದಾಗ ನಗರಸಭೆಯವರು ಕಾನೂನಿನ ಪ್ರಕಾರ ಯುವಮಂಡಳಿಯನ್ನು ಕೇಳಿದರು. ಇವರು ಗೋಡೆ ತುಂಬ ಚೀಟಿ ಅಂಟಿಸಿದರು, ಚಂದದ ವರದಿ ಬರೆದುಕೊಟ್ಟರು. ನಗರಸಭೆಯವರು ವರದಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಹಳ ಹೊಗಳಿ, ಕೇಂದ್ರವನ್ನು ಮುಚ್ಚಿದರು.

“ನಮ್ಮನ್ನು ಚೆನ್ನಾಗಿ ಕೇಳುತ್ತಾರೆ, ಆಂಟಿ” ಎಂದಳು. “ಕೇಳುವುದರಲ್ಲಿ ಏನೂ ಕಡಿಮೆ ಇಲ್ಲ.”

ಅಲ್ಲಿಯವರೆಗೆ ಆ ಹುಡುಗಿಯ ಉತ್ಸಾಹವನ್ನು ನಾನು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ. ಅಂದು ಅವಳ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ಸೋತು ಬಂದವಳು ಮತ್ತೆ ಚೀಟಿ ಕೊಳ್ಳುತ್ತಾಳಲ್ಲ.

ಗೋಡೆಯ ಚೀಟಿಗಳನ್ನು ಅಧ್ಯಕ್ಷರು ಬಂದು ನೋಡಿದರು. ಕನ್ನಡಕ ಏರಿಸಿ ಒಂದೊಂದನ್ನೂ ಓದಿದರು. “ಎಷ್ಟ್ ಚೆನ್ನಾಗಿದೆಯಮ್ಮ” ಎಂದರು. “ಇದನ್ನ ಹೀಗೇ ಬಿಡ್ಬಾರ್ದು. ಒಂದು ಫಂಕ್ಷನ್ ಮಾಡೋಣ. ಯುವಜನರೊಂದಿಗೆ ಸಂವಾದ ಅಂತ. ಫಾರಿನ್ ಮೇಡಂ ಮುಖ್ಯ ಅತಿಥಿ. ನೀವು ನಿರೂಪಣೆ.”

ಫಂಕ್ಷನ್ ಎಂಬ ಮಾತು ಬಂದ ಕೂಡಲೇ ನನಗೆ ನಮ್ಮ ಸಭೆಗಳ ಕ್ರಮ ನೆನಪಾಗಿ ಹೆದರಿಕೆಯಾಯಿತು. ಆಮಂತ್ರಣ ಪತ್ರಿಕೆ ಬಂದಾಗ ನೋಡಿದರೆ, ನಾನು ಹೆದರಿದಂತೆಯೇ ಇತ್ತು. ಪ್ರಾರ್ಥನೆ, ವಠಾರದ ಮಕ್ಕಳಿಂದ. ಸ್ವಾಗತ. ದೀಪ. ಸನ್ಮಾನ. ಪ್ರಾಸ್ತಾವಿಕ ನುಡಿ. ‘ಇಂದಿನ ಯುವಜನತೆ ಎತ್ತ ಸಾಗುತ್ತಿದೆ’ ಎಂದು ಹಿರಿಯರೊಬ್ಬರ ಭಾಷಣ. ಯುವ ಮುಖಂಡರಿಂದ ವಿಶೇಷ ಘೋಷಣೆ. ಆಮೇಲೆ ಸಣ್ಣ ಅಕ್ಷರದಲ್ಲಿ ಸಂವಾದ. ಕೊನೆಗೆ ವಂದನಾರ್ಪಣೆ, ಅದೂ ವಠಾರದ ಹುಡುಗಿಯದ್ದೇ. ಅವಳ ಕನ್ನಡ ಸ್ಪಷ್ಟವಾಗಿದೆ, ಸಂಘಕ್ಕೂ ಒಳ್ಳೆ ಹೆಸರು ಬರುತ್ತದೆ ಎಂದರು ಅಧ್ಯಕ್ಷರು. ಫಾರಿನ್ ಮೇಡಮ್ಮಿಗೆ ಭಾಷಣ ಇರಲಿಲ್ಲ. ಅವರಿಗೆ ಪೇಟ ಇತ್ತು.

ವಂದನಾರ್ಪಣೆಯನ್ನು ನಾನೇ ಬರೆದುಕೊಟ್ಟೆ. ಅಧ್ಯಕ್ಷರು, ಅತಿಥಿಗಳು, ಮೈಕ್‌ಸೆಟ್‌ನವರು, ಶಾಮಿಯಾನದವರು, ತಿಂಡಿಯವರು, ಯಾರೂ ಬಿಟ್ಟುಹೋಗದಂತೆ. ನಿನಗೆ ಹೇಳಬೇಕಾದ್ದನ್ನು ಸಂವಾದದಲ್ಲಿ ಹೇಳು, ಇದನ್ನು ಸುಮ್ಮನೆ ಓದಿದರೆ ಸಾಕು ಎಂದೆ. ಹೂಂ ಅಂದಳು.

ನಾಲ್ಕೂವರೆಗೆ ಎಂದಿದ್ದ ಸಭೆ ಆರಕ್ಕೆ ಶುರುವಾಯಿತು. ರಸ್ತೆಗೆ ಅಡ್ಡ ಶಾಮಿಯಾನ ಹಾಕಿದ್ದರು. ಬೈಕಿನವರು ಬಂದು, ನೋಡಿ, ಬೈದುಕೊಂಡು ಹಿಂದೆ ಹೋಗುತ್ತಿದ್ದರು. ಅತಿಥಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಸೂರು ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಕಣ್ಣಿನವರೆಗೂ ಇಳಿಯಿತು. ಅವಳು ಸಭೆಯ ಮುಕ್ಕಾಲು ಭಾಗವನ್ನು ಗಲ್ಲ ಮೇಲೆತ್ತಿಕೊಂಡೇ ನೋಡಿದಳು, ಅದರಿಂದ ಬಹಳ ಗತ್ತಿನವಳಂತೆ ಕಾಣುತ್ತಿದ್ದಳು. ಇಂದಿನ ಯುವಜನತೆ ಎತ್ತ ಸಾಗುತ್ತಿದೆ ಎಂಬ ಭಾಷಣ ತಾನೂ ಎತ್ತೆತ್ತಲೋ ಸಾಗಿ, ಮೊಬೈಲು, ಪಿಜ್ಜಾ, ಹರಿದ ಪ್ಯಾಂಟು ಎಲ್ಲ ಮುಗಿಸಿಕೊಂಡು ಕೊನೆಗೆ ಭಾಷಣಕಾರರ ಬಾಲ್ಯಕ್ಕೆ ಬಂದು ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಯುವಜನತೆ ಆಕಳಿಸುತ್ತಿತ್ತು.

ಆಮೇಲೆ ಮುಖಂಡರು ಎದ್ದರು. ಅವರ ಹಿಂದೆ ಮುಂದೆ ಹುಡುಗರು ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದರು. “ಯುವಜನರ ಬಹುದಿನದ ಬೇಡಿಕೆಯಂತೆ” ಎಂದು ಶುರುಮಾಡಿ, ಸಂಘದ ಮೇಲಿನ ಕೋಣೆಯಲ್ಲಿ ಮುಂದಿನ ತಿಂಗಳಿಂದ ಜಿಮ್ ಎಂದು ಘೋಷಿಸಿಯೇಬಿಟ್ಟರು. ಹುಡುಗರು ಶಿಳ್ಳೆ ಹಾಕಿದರು. ನಾನು ವಠಾರದ ಹುಡುಗಿಯ ಕಡೆ ನೋಡಿದೆ. ಅವಳು ಕೈಯಲ್ಲಿದ್ದ ಹಾಳೆಯನ್ನು ನೋಡುತ್ತಿದ್ದಳು.

ಇರಲಿ, ಇನ್ನು ಸಂವಾದವಿದೆಯಲ್ಲ ಎಂದುಕೊಂಡು ನಾನು ಮೈಕಿನ ಹತ್ತಿರ ಹೋದೆ. ಅಷ್ಟರಲ್ಲಿ ಅಧ್ಯಕ್ಷರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. “ಲೇಟಾಗೋಯ್ತಮ್ಮ. ಸಂವಾದ ಬಿಟ್ಬಿಡಿ. ಬೋಂಡ ಆರ್ತಾ ಇದೆ.”

ನನಗೆ ಸಿಟ್ಟು ಬಂತು. ಬಂದರೇನು, ನಿರೂಪಣೆ ಮಾಡುವವರ ಸಿಟ್ಟಿಗೆ ಮೈಕಿನಲ್ಲಿ ಜಾಗವಿಲ್ಲ. “ಸಮಯದ ಅಭಾವದಿಂದಾಗಿ ಸಂವಾದವನ್ನು ಕೈಬಿಡಲಾಗಿದೆ” ಎಂದು ನನ್ನ ಬಾಯಿಂದಲೇ ಹೇಳಿದೆ. ಸಂವಾದಕ್ಕೆಂದೇ ಕರೆದ ಸಭೆಯಲ್ಲಿ ಸಂವಾದವನ್ನು ಕೈಬಿಟ್ಟದ್ದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಜನ ಏಳತೊಡಗಿದರು. “ಕೊನೆಯದಾಗಿ ವಂದನಾರ್ಪಣೆ, ಎರಡೇ ನಿಮಿಷ” ಎಂದು ಹೇಳಿ ಹುಡುಗಿಯನ್ನು ಕರೆದೆ.

ಹುಡುಗಿ ಬಂದಳು. ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು. ನಾನು ಬರೆದುಕೊಟ್ಟ ಹಾಳೆಯನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡಳು. ಸ್ಕೂಲಿನಲ್ಲಿ ಕಲಿತ ವೇದಿಕೆಯ ಕನ್ನಡದಲ್ಲಿ, ನಿಧಾನವಾಗಿ ಶುರುಮಾಡಿದಳು.

“ವೇದಿಕೆಯ ಮೇಲಿರುವ ಗಣ್ಯರೇ, ನಮ್ಮ ಬೀದಿಯ ಹಿರಿಯರೇ, ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಅಧ್ಯಕ್ಷರು ಮೇಲಿನ ಓದುವ ಕೋಣೆಯನ್ನು ಮುಂದೆಯೂ ಓದುವ ಕೋಣೆಯಾಗಿಯೇ ಉಳಿಸಿ, ದಿನವೂ ಎಂಟು ಗಂಟೆಯವರೆಗೆ ತೆರೆದಿಡಲು ದೊಡ್ಡ ಮನಸ್ಸು ಮಾಡಿದ್ದಾರೆ. ಮನೆಯಲ್ಲಿ ಕೂತು ಓದಲು ಜಾಗವಿಲ್ಲದ ನಮ್ಮೆಲ್ಲರ ಪರವಾಗಿ ಅಧ್ಯಕ್ಷರಿಗೆ ಅನಂತ ವಂದನೆಗಳು.”

ನಮ್ಮ ಕಡೆಯ ಸಭೆಗಳಲ್ಲಿ ಪಳಗಿದವರಿಗೆ ಒಂದು ಅಭ್ಯಾಸವಿದೆ. ತಮ್ಮ ಹುದ್ದೆ ಕಿವಿಗೆ ಬಿದ್ದು, ಅದರ ಹಿಂದೆ ‘ಅನಂತ ವಂದನೆಗಳು’ ಬಂದರೆ ಸಾಕು, ಕೈಗಳು ತಾವಾಗಿಯೇ ಮುಗಿದುಕೊಳ್ಳುತ್ತವೆ. ಅಧ್ಯಕ್ಷರು ಬೋಂಡದ ಪಾತ್ರೆಯ ಕಡೆ ನೋಡುತ್ತಿದ್ದವರು ಥಟ್ಟನೆ ಅರ್ಧ ಎದ್ದು, ಎರಡೂ ಕೈ ಮುಗಿದು, ಎಡಕ್ಕೆ ಬಲಕ್ಕೆ ತಲೆಬಾಗಿಸಿ ಕೂತರು. ಕೂತ ಮೇಲೆ ಅವರ ಮುಖದಲ್ಲಿ ಒಂದು ಅನುಮಾನ ಬಂತು. ಅಷ್ಟರಲ್ಲಿ ಕೆಳಗಿದ್ದ ಹೆಂಗಸರು ಚಪ್ಪಾಳೆ ಶುರುಮಾಡಿದ್ದರು. ನಿರೂಪಣೆ ಮಾಡುವವರಿಗೂ ಒಂದು ಕರ್ತವ್ಯವಿದೆ. ನಾನು ಪಕ್ಕದ ಮೈಕಿನಲ್ಲಿ “ಜೋರಾದ ಚಪ್ಪಾಳೆ ಬರಲಿ” ಎಂದೆ. ಬಂತು.

“ನಮ್ಮ ಯುವ ಮುಖಂಡರು” ಎಂದಳು ಹುಡುಗಿ. ಮುಖಂಡರು ನೆಟ್ಟಗಾದರು. “ಜಿಮ್ಮಿನ ಸದ್ದಿಗೆ ಓದುವ ಮಕ್ಕಳಿಗೆ ತೊಂದರೆಯಾಗಬಾರದು ಎಂದು ತಾವಾಗಿಯೇ ಯೋಚಿಸಿ, ಸಲಕರಣೆಗಳನ್ನು ಪಾರ್ಕಿನಲ್ಲಿ, ಹಿರಿಯರಿಗೂ ಹೆಣ್ಣುಮಕ್ಕಳಿಗೂ ಸಿಗುವ ಹಾಗೆ ಹಾಕಿಸಿಕೊಡಲಿದ್ದಾರೆ. ಇಂಥ ಅಣ್ಣ ನಮ್ಮ ಬೀದಿಗೆ ಸಿಕ್ಕಿರುವುದು ನಮ್ಮ ಪುಣ್ಯ. ಅವರಿಗೆ ಹೃತ್ಪೂರ್ವಕ ವಂದನೆಗಳು.”

ಅವರ ಹುಡುಗರಿಗೆ ಅಣ್ಣ, ಪುಣ್ಯ ಎಂಬೆರಡು ಮಾತು ಕೇಳಿದರೆ ಸಾಕಾಗಿತ್ತು. ನಡುವೆ ಏನಿದೆ ಎಂದು ಕೇಳುವ ಗೊಡವೆಗೆ ಹೋಗದೆ “ಅಣ್ಣಂಗೆ ಜೈ” ಎಂದು ಕೂಗಿದರು. ಅವರು ಕೂಗಿದ ಮೇಲೆ ಅಣ್ಣ ಏಳಲೇಬೇಕು, ಎದ್ದರು. ನಾಲ್ಕೂ ದಿಕ್ಕಿಗೆ ಕೈ ಮುಗಿದರು. ಮೊಬೈಲುಗಳು ಎಲ್ಲವನ್ನೂ ಹಿಡಿದುಕೊಂಡವು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ಆಗಿತ್ತು ಅವರ ಸ್ಥಿತಿ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆದರೂ ನಗುತ್ತಲೇ ಇದ್ದರು. ಅಷ್ಟು ವರ್ಷ ಫ್ಲೆಕ್ಸಿನಲ್ಲಿ ನಕ್ಕ ಅನುಭವ ಕೈಕೊಡಲಿಲ್ಲ.

ಹುಡುಗಿ ಮೈಕ್‌ಸೆಟ್‌ನವರಿಗೂ ಶಾಮಿಯಾನದವರಿಗೂ ವಂದನೆ ಹೇಳಿದಳು. ಇಷ್ಟರಲ್ಲಿ ಚಪ್ಪಲಿ ಹಾಕಿಕೊಂಡಿದ್ದವರೂ ನಿಂತು ಕೇಳುತ್ತಿದ್ದರು. ಕೊನೆಗೆ ಅವಳು ಅವರ ಕಡೆ ತಿರುಗಿದಳು.

“ದೂರದಿಂದ ದುಡಿಯಲು ಬಂದ ನಮ್ಮನ್ನು ಈ ಬೀದಿಯ ಮಕ್ಕಳು ಎಂದು ತಿಳಿದುಕೊಂಡಿರುವ ನಿಮಗೆಲ್ಲರಿಗೂ ವಂದನೆಗಳು.”

ಇದಕ್ಕೆ ತಕ್ಷಣ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ವಠಾರದವರಿಗೆ ನೀರು ಬಿಡುವ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಆಗಿದ್ದ ಜಗಳಗಳು ಅಲ್ಲಿದ್ದವರಿಗೆಲ್ಲ ನೆನಪಿದ್ದವು. ನನಗೂ ನೆನಪಿದ್ದವು. ಆಮೇಲೆ ಚಪ್ಪಾಳೆ ಬಂತು, ಮೊದಲಿನಷ್ಟು ಜೋರಾಗಿ ಅಲ್ಲ, ಆದರೆ ಬಹಳ ಹೊತ್ತು.

ಬೋಂಡ ತಿನ್ನುವಾಗ ಅವಳನ್ನು ಕೇಳಿದೆ, ಮೊದಲೇ ಯೋಚಿಸಿಟ್ಟಿದ್ದೆಯಾ ಎಂದು.

“ಇಲ್ರಿ ಮೇಡಂ. ಮಾತಾಡ್ಲಾಕ ಟೈಮ್ ಇಲ್ಲ ಅಂದ್ರಿ. ಥ್ಯಾಂಕ್ಸ್ ಅಷ್ಟೇ ಉಳೀತು. ಅದ್ರಾಗೇ ಹೇಳ್ದೆ.” ಇನ್ನೊಂದು ಬೋಂಡ ತೆಗೆದುಕೊಂಡು, “ನಮ್ಮವ್ವ ಕೆಲಸದ ಮನಿಯಾಗ ರಜಾ ಹಿಂಗೇ ತೊಗೋತಾಳ್ರಿ” ಎಂದಳು. “‘ಹಬ್ಬಕ್ಕ ಎರಡು ದಿನ ಊರಿಗೆ ಹೋಗಿ ಬಾ ಅಂದ್ರಲ್ಲ ಅಕ್ಕಾರ, ನಿಮ್ಮ ಹೊಟ್ಟಿ ತಣ್ಣಗಿರ್ಲಿ’ ಅಂತಾಳ. ಅವ್ರು ಅಂದೇ ಇರಂಗಿಲ್ರಿ. ಆದ್ರ ಹೊಟ್ಟಿ ತಣ್ಣಗಿರ್ಲಿ ಅಂದವ್ರಿಗೆ ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ.”

ಇದನ್ನು ಬೆಲ್ಜಿಯಂ ಹುಡುಗಿಗೆ ಅನುವಾದ ಮಾಡಿ ಹೇಳುವಷ್ಟರಲ್ಲಿ ನನಗೆ ಸಾಕಾಗಿಹೋಯಿತು. ಒಂದು ಸಲ ಅರ್ಥವಾದ ಮೇಲೆ ಅವಳು ಪೇಟವನ್ನು ತೆಗೆದು, ಮಡಿಲಲ್ಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಡಲಿಲ್ಲ ಎಂದಳು.

ಮರುದಿನ ಬೆಳಗ್ಗೆ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೈಯಲ್ಲೇ ಹಿಡಿದುಕೊಂಡರು.

“ಅಲ್ಲಮ್ಮ, ನಾನು ಯಾವಾಗ ಒಪ್ಕೊಂಡೆ?” ಎಂದರು.

“ಕೈ ಮುಗಿದ್ರಲ್ಲ ಸಾರ್.”

“ಅದು ಅಭ್ಯಾಸ ಕಣಮ್ಮ.”

“ಹಾಗಾದ್ರೆ ಇಲ್ಲ ಅಂತ ಹೇಳ್ಬಿಡಿ ಸಾರ್, ನೀವು ಹೇಳಿದ್ರೆ ಕೇಳ್ತಾರೆ.”

ಅವರು ನನ್ನ ಮುಖ ನೋಡಿದರು. ನಾನು ಅಡುಗೆಮನೆಯ ಕಡೆ ನೋಡಿದೆ. “ಹೇಗೆ ಹೇಳ್ಲಿ” ಎಂದರು. “ನಮ್ಮ ಮನೆಯವಳು ಬೆಳಗ್ಗೆ, ನಿಮ್ಮ ಜನ್ಮದಲ್ಲಿ ಒಂದು ಒಳ್ಳೆ ಕೆಲಸ ಮಾಡಿದ್ರಿ ಅಂತ ಇನ್ನೊಂದು ದೋಸೆ ಹಾಕಿದ್ಳು. ತಿಂದ್ಬಿಟ್ಟೆ.” ಲೋಟ ಕೆಳಗಿಟ್ಟು, “ಮುಖಂಡ್ರದ್ದೇ ಕಷ್ಟ” ಎಂದರು.

ಮುಖಂಡರದ್ದೂ ಕಷ್ಟವಾಗಲಿಲ್ಲ. ಅವರ ಹುಡುಗರು ಸಭೆಯ ದಿನ ರಾತ್ರಿಯೇ ವಿಡಿಯೊ ಹಾಕಿದ್ದರು. ಅದಕ್ಕೆ ಬಂದ ಹೊಗಳಿಕೆ ಮೊಮ್ಮಗನ ಫೋಟೊಕ್ಕೂ ಬಂದಿರಲಿಲ್ಲ. ವಾರದೊಳಗೆ ತಿರುವಿನ ಫ್ಲೆಕ್ಸ್ ಬದಲಾಯಿತು. ಈಗ ಅವರು ಪುಸ್ತಕ ಹಿಡಿದು ನಿಂತಿದ್ದರು, ‘ಅಕ್ಷರದಾಹಿಗಳ ಅಣ್ಣ’ ಎಂದು ಕೆಳಗೆ. ಪಾರ್ಕಿನಲ್ಲಿ ಸಲಕರಣೆಗಳೂ ಬಂದವು. ಅಲ್ಲಿ ಮೊದಲ ದಿನ ಹತ್ತಿ ಕೂತವರು ನಮ್ಮತ್ತೆ.

ಓದುವ ಕೋಣೆ ಎಂಟರವರೆಗೆ ತೆರೆದಿರತೊಡಗಿತು. ಬೆಲ್ಜಿಯಂ ಹುಡುಗಿ ಸೆಮಿಸ್ಟರ್ ಮುಗಿಸಿ ಹೊರಡುವ ಹೊತ್ತಿಗೆ ಅಲ್ಲಿ ಸಂಜೆ ಜಾಗ ಸಿಗುವುದೇ ಕಷ್ಟವಾಗಿತ್ತು. ದೂರದ ಲಿಂಗರಾಜಪುರದಿಂದಲೂ ಇಬ್ಬರು ಬರುತ್ತಿದ್ದರು. ಊರಿಗೆ ಹೋದ ಮೇಲೆ ಅವಳು ಒಂದು ದಿನ ಫೋನ್ ಮಾಡಿದಳು. ಅವರ ನಗರಸಭೆಯ ಸಭೆಯಲ್ಲಿ ಎದ್ದು ನಿಂತು, ಯುವಕೇಂದ್ರವನ್ನು ಮತ್ತೆ ತೆರೆಯಲಿರುವುದಕ್ಕಾಗಿ ಮೇಯರಿಗೆ ಹೃತ್ಪೂರ್ವಕ ವಂದನೆ ಸಲ್ಲಿಸಿದಳಂತೆ. ಆಮೇಲೆ ಏನಾಯಿತು ಎಂದು ಕೇಳಿದೆ. ಮೇಯರು ಬಹಳ ಮರ್ಯಾದೆಯಿಂದ, ತಾನು ಅಂಥದ್ದೇನೂ ಹೇಳಿಲ್ಲ, ನಡಾವಳಿಯಲ್ಲಿ ಅದನ್ನು ಸರಿಪಡಿಸಬೇಕು ಎಂದರಂತೆ. ಪಾಪ, ಅಲ್ಲಿ ಕೈ ಮುಗಿಯುವ ಪದ್ಧತಿ ಇಲ್ಲವಲ್ಲ. ಅವಳಿಗೆ ಬೇಸರವಾಗಿತ್ತು, ಆದರೆ ಸುಮ್ಮನಾಗಿರಲಿಲ್ಲ. ಮತ್ತೆ ಚೀಟಿ ಕೊಳ್ಳಲು ಹೊರಟಿದ್ದಳು.

ನಮ್ಮ ವಠಾರದ ಹುಡುಗಿ ಮಾರ್ಚಿನಲ್ಲಿ ಪಾಸಾದಳು. ಅಕೌಂಟೆನ್ಸಿಯಲ್ಲಿ ಬಂದದ್ದು ಹೇಳಿಕೊಳ್ಳುವಂಥ ಮಾರ್ಕಲ್ಲ, ಆದರೂ ಅವಳವ್ವ ವಠಾರಕ್ಕೆಲ್ಲ ಸಕ್ಕರೆ ಹಂಚಿದಳು. ಈಗ ಬಿ.ಕಾಂ. ಓದುತ್ತಿದ್ದಾಳೆ. ಅಕ್ಕನ ಜೊತೆ ಹೋಗು ಎಂಬ ಮಾತನ್ನು ಅಪ್ಪ ಮತ್ತೆ ಎತ್ತಿಲ್ಲ.

ಈ ವರ್ಷ ಸಂಘದವರು ಮತ್ತೆ ಯುವಜನರ ಸಭೆ ಇಟ್ಟುಕೊಂಡಿದ್ದಾರೆ. ಈ ಸಲ ಅಧ್ಯಕ್ಷರಿಗೆ ನಿಜವಾಗಿಯೂ ಅನ್ನಿಸಿದೆ, ಆ ಹುಡುಗಿಗೆ ವೇದಿಕೆಯ ನಡುವೆ ಕುರ್ಚಿ ಕೊಡಬೇಕು, ಯುವ ಪ್ರತಿನಿಧಿ ಎಂದು ಕರೆದು ಹತ್ತು ನಿಮಿಷ ಭಾಷಣ ಮಾಡಿಸಬೇಕು ಎಂದು. ಆಮಂತ್ರಣದಲ್ಲಿ ದಪ್ಪ ಅಕ್ಷರದಲ್ಲೇ ಹಾಕೋಣ ಎಂದರು. ನನಗೆ ಬಹಳ ಸಂತೋಷವಾಯಿತು. ಅದೇ ಸಂಜೆ ಓದುವ ಕೋಣೆಗೆ ಹೋಗಿ ಅವಳಿಗೆ ಹೇಳಿದೆ. ಅವಳು ಪೆನ್ನಿನ ಮುಚ್ಚಳ ಹಾಕಿ, ಯೋಚನೆ ಮಾಡಿದಳು.

“ಭಾಷಣ ಬ್ಯಾಡ್ರಿ ಮೇಡಂ” ಎಂದಳು. “ಅಧ್ಯಕ್ಷರಿಗೆ ಹೇಳಿ ವಂದನಾರ್ಪಣೆನೇ ಕೊಡಸ್ರಿ.”

“ಈ ಸಲ ಯಾವುದಕ್ಕೆ ವಂದನೆ?”

“ಇಲ್ಲಿ ಹುಡುಗ್ಯಾರಿಗೆ ಟಾಯ್ಲೆಟ್ ಕಟ್ಟಿಸಿ ಕೊಟ್ಟಿದ್ದಕ್ಕ.”

“ಕಟ್ಟಿಸಿದಾರಾ?”

“ಇನ್ನೂ ಇಲ್ರಿ” ಎಂದು ಹೇಳಿ ಹುಡುಗಿ ಪುಸ್ತಕಕ್ಕೆ ಬಗ್ಗಿದಳು.